ಹಳೆಯ ಜರ್ಮನ್ ಕತ್ತಿವರಸೆ ಪುಸ್ತಕ ಓದುವುದು ಹೇಗೆ? ಒಂದೇ ಏಟಿನಿಂದ ಶುರು ಮಾಡಿ

ಸೊಂಟದವರೆಗೆ ಗುಂಡಿಯಲ್ಲಿ ನಿಂತ ಗಂಡಸು, ಕೈಯಲ್ಲಿ ದೊಣ್ಣೆ. ಮೇಲೆ ನಿಂತ ಹೆಂಗಸು, ಬಟ್ಟೆಯ ತುದಿಗೆ ಕಲ್ಲು ಕಟ್ಟಿಕೊಂಡು ಬೀಸಲು ಸಿದ್ಧ. ಈ ಚಿತ್ರವನ್ನು ನೀವೂ ಎಲ್ಲೋ ನೋಡಿರುತ್ತೀರಿ. ‘ಹಳೇ ಕಾಲದ ಡೈವೋರ್ಸ್’ ಅಂತ ತಲೆಬರಹ ಹಾಕಿ ಜನ ಹಂಚುತ್ತಲೇ ಇರುತ್ತಾರೆ. ಚಿತ್ರ ನಿಜವಾದದ್ದೇ. ಹಾನ್ಸ್ ಟಾಲ್‌ಹೋಫರ್ ಎಂಬ ಜರ್ಮನ್ ಗುರು 1467ರಲ್ಲಿ ಮಾಡಿಸಿದ ಹಸ್ತಪ್ರತಿಯಲ್ಲಿದೆ, ಈಗ ಮ್ಯೂನಿಕ್‌ನ ಗ್ರಂಥಾಲಯದಲ್ಲಿದೆ. ಆದರೆ ಪಕ್ಕದ ಬರಹದಲ್ಲಿ ಡೈವೋರ್ಸ್ ಅನ್ನುವ ಮಾತೇ ಇಲ್ಲ. ಗಂಡು ಹೆಣ್ಣು ಹೀಗೆ ಹೋರಾಡಬೇಕು, ಬಟ್ಟೆಯಲ್ಲಿರುವ ಕಲ್ಲು 4-5 ಪೌಂಡ್ ತೂಗುತ್ತದೆ, ಇಂಥ ಒಂದೆರಡು ಸಾಲು ಅಷ್ಟೇ.

ಈ ಪುಸ್ತಕಗಳ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಚಿತ್ರ ನೋಡಿ ಬರಹ ಬಿಡುತ್ತಾರೆ. ಬರೆಸಿದವನು ಯಾರು, ಯಾರಿಗಾಗಿ ಬರೆಸಿದ ಅಂತ ಕೇಳುವುದೇ ಇಲ್ಲ. ಹಾಗಾಗಿ ನಾನು ಹೇಳುವ ದಾರಿ ಸ್ವಲ್ಪ ಉಲ್ಟಾ. ಮೊದಲು ಗುರು ಯಾರು ಅಂತ ನೋಡಿ, ಆಮೇಲೆ ಒಂದೇ ಒಂದು ಏಟಿನ ಪದ್ಯ ತೆಗೆದುಕೊಳ್ಳಿ, ಅದರ ವಿವರಣೆ ಓದಿ, ಕೋಲು ಹಿಡಿದು ಮಾಡಿ ನೋಡಿ. ಚಿತ್ರ ಕೊನೆಗೆ ಬರಲಿ.

ಜರ್ಮನ್ನರು ಇಂಥ ಪುಸ್ತಕಕ್ಕೆ ‘ಫೆಕ್ಟ್‌ಬುಖ್’ ಅನ್ನುತ್ತಾರೆ. ಸುಮಾರು 1300ರ ಹೊತ್ತಿನಿಂದ 1600ರ ಆಚೆಯವರೆಗೂ ಇವು ಬರುತ್ತಲೇ ಇದ್ದವು. ಉದ್ದ ಕತ್ತಿ, ಕತ್ತಿ-ಗುರಾಣಿ, ಬಾಕು, ಈಟಿ, ಕುಸ್ತಿ, ಕವಚ ತೊಟ್ಟು ಹೋರಾಡುವುದು, ಕುದುರೆ ಮೇಲಿನ ಕಾಳಗ, ಎಲ್ಲವೂ ಇವುಗಳಲ್ಲಿದೆ. ಖುಷಿಯ ವಿಷಯ ಏನೆಂದರೆ ಬಹುಪಾಲು ಪುಸ್ತಕಗಳ ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ. ಮ್ಯೂನಿಕ್, ಹೈಡಲ್‌ಬರ್ಗ್, ಡ್ರೆಸ್ಡನ್ ಗ್ರಂಥಾಲಯಗಳು ಪುಟಪುಟವನ್ನೂ ಆನ್‌ಲೈನ್‌ಗೆ ಹಾಕಿವೆ. ‘ವಿಕ್ಟೆನೌವರ್’ ಅನ್ನುವ ವಿಕಿಯಲ್ಲಿ ಮೂಲ ಬರಹವೂ ಇಂಗ್ಲಿಷ್ ಅನುವಾದವೂ ಪಕ್ಕಪಕ್ಕದಲ್ಲೇ ಸಿಗುತ್ತವೆ. ಹಾಗಾಗಿ ದುಡ್ಡು ಖರ್ಚು ಮಾಡಿ ಪುಸ್ತಕ ತರಿಸುವ ಅವಸರ ಬೇಡ.

ಮೊದಲು ಗುರುಗಳ ಪರಿಚಯ

ಎಲ್ಲದರ ನಡುವೆ ನಿಂತಿರುವ ಹೆಸರು ಯೋಹಾನೆಸ್ ಲೀಖ್ಟೆನೌವರ್. 14ನೇ ಶತಮಾನದವನು. ಅವನ ಬದುಕಿನ ಬಗ್ಗೆ ಸಿಗುವುದು ತೀರಾ ಕಡಿಮೆ. ಈ ವಿದ್ಯೆಯನ್ನು ಅವನೇ ಹುಟ್ಟುಹಾಕಿದ್ದಲ್ಲ, ಅದು ನೂರಾರು ವರ್ಷಗಳಿಂದ ಇತ್ತು, ಅವನು ಹಲವು ದೇಶ ಸುತ್ತಿ ಕಲಿತು ಒಟ್ಟು ಮಾಡಿದ ಅಂತ ಒಂದು ಹಳೆಯ ಹಸ್ತಪ್ರತಿ ಹೇಳುತ್ತದೆ. ಅವನು ಬಿಟ್ಟುಹೋದದ್ದು ‘ಟ್ಸೆಟೆಲ್’ ಎಂಬ ಪ್ರಾಸದ ಪದ್ಯ. ಬೇಕೆಂದೇ ಒಗಟಿನ ಹಾಗೆ ಕಟ್ಟಿದ್ದು. ಕಂಡಕಂಡ ಗುರುಗಳ ಕೈಗೆ ಸಿಕ್ಕಿ ವಿದ್ಯೆ ಬೀದಿಪಾಲಾಗಬಾರದು ಅಂತ ಮುಚ್ಚಿದ ಮಾತಿನಲ್ಲಿ ಬರೆಸಿದ್ದು ಎಂದು ಶಿಷ್ಯರೇ ಮುನ್ನುಡಿಯಲ್ಲಿ ಹೇಳುತ್ತಾರೆ. ಕಲಿತವನಿಗೆ ನೆನಪಿಡಲು ಸುಲಭ, ಕಲಿಯದವನು ಕದ್ದು ಓದಿದರೂ ಏನೂ ಸಿಗುವುದಿಲ್ಲ.

ನಮ್ಮವರಿಗೆ ಇದು ಹೊಸದೇನಲ್ಲ. ಸೂತ್ರ ಒಬ್ಬರದು, ಭಾಷ್ಯ ಇನ್ನೊಬ್ಬರದು, ಭಾಷ್ಯ ಇಲ್ಲದೆ ಸೂತ್ರ ಬಿಡಿಸಲಾಗದು. ಲೀಖ್ಟೆನೌವರನ ಪದ್ಯಕ್ಕೂ ಹಾಗೇ ಭಾಷ್ಯಕಾರರು ಹುಟ್ಟಿಕೊಂಡರು. ಅವರಲ್ಲಿ ನಿಮಗೆ ಮೊದಲು ಬೇಕಾದವನು ಜಿಗ್ಮುಂಡ್ ರಿಂಗೆಕ್. ಬವೇರಿಯಾದ ಡ್ಯೂಕ್ ಆಲ್ಬ್ರೆಖ್ಟ್‌ನ ಬಳಿ ಕತ್ತಿಗುರುವಾಗಿದ್ದ. ಅವನ ವಿವರಣೆಯ ಹೆಸರಾಂತ ಪ್ರತಿ ಡ್ರೆಸ್ಡನ್‌ನಲ್ಲಿದೆ, ಅದು 16ನೇ ಶತಮಾನದ ಶುರುವಿನಲ್ಲಿ ಯಾರೋ ಮಾಡಿಕೊಂಡ ನಕಲು. ಇನ್ನೊಂದು ಭಾಷ್ಯ ರೋಮ್‌ನಲ್ಲಿರುವ 1452ರ ಹಸ್ತಪ್ರತಿಯಲ್ಲಿದೆ. ತುಂಬ ಕಾಲ ಅದನ್ನು ಇನ್ನೊಬ್ಬ ಗುರು ಪೇಟರ್ ಫಾನ್ ಡಾನ್‌ಟ್ಸಿಗ್‌ನದೇ ಅಂದುಕೊಂಡಿದ್ದರು. ಅದೇ ಪುಸ್ತಕದಲ್ಲಿ ಅವನ ಹೆಸರಿರುವ ಭಾಗ ಬೇರೆ ಇದೆ, ಈ ಭಾಷ್ಯಕ್ಕೆ ಹೆಸರೇ ಇಲ್ಲ. ಆ ಪುಸ್ತಕದಲ್ಲೇ ಓಟ್ ಎಂಬಾತನ ಕುಸ್ತಿ ಪಟ್ಟುಗಳೂ ಇವೆ. ಮತಾಂತರಗೊಂಡ ಯಹೂದಿ ಆತ, ಆಸ್ಟ್ರಿಯಾದ ಅರಸರಿಗೆ ಕುಸ್ತಿ ಗುರು.

ಎಲ್ಲಕ್ಕಿಂತ ಹಳೆಯ ಭಾಷ್ಯ ನ್ಯೂರೆಂಬರ್ಗ್‌ನಲ್ಲಿದೆ. 3227ಎ ಅನ್ನುವ ಸಂಖ್ಯೆಯಿಂದಲೇ ಅದನ್ನು ಎಲ್ಲರೂ ಕರೆಯುತ್ತಾರೆ. ಬರೆದವನ ಹೆಸರು ಇಲ್ಲ. ಅದು ಬರೀ ಕತ್ತಿವರಸೆ ಪುಸ್ತಕವೂ ಅಲ್ಲ, ಕಬ್ಬಿಣ ಹದ ಮಾಡುವ ವಿಧಾನ, ಮದ್ದು, ಏನೇನೋ ಸೇರಿದ ಮನೆಪುಸ್ತಕ. ಬರೆದವನು ಮಾತುಗಾರ, ಸ್ವಲ್ಪ ಜಗಳಗಂಟ. ಅಗಲಕ್ಕೆ ಕೈ ಬೀಸಿ ಜನರೆದುರು ಮೆರೆಯುವ ಗುರುಗಳನ್ನು ಕಂಡರೆ ಅವನಿಗೆ ಆಗುವುದಿಲ್ಲ. ನನಗೆ ಈ ಎಲ್ಲರಲ್ಲಿ ಜಾಸ್ತಿ ಇಷ್ಟ ಆಗುವವನು ಇವನೇ. ಕೈಯಲ್ಲಿ ತೋರಿಸಿದಷ್ಟು ಚೆನ್ನಾಗಿ ಬರೆದು ಹೇಳಲು ಆಗುವುದಿಲ್ಲ ಅಂತ ತಾನೇ ಬರೆದಿದ್ದಾನೆ. ವಿದ್ಯೆ ಇಲ್ಲದ ಅಭ್ಯಾಸವಾದರೂ ಕೆಲಸಕ್ಕೆ ಬರುತ್ತದೆ, ಅಭ್ಯಾಸ ಇಲ್ಲದ ವಿದ್ಯೆ ಬರುವುದಿಲ್ಲ ಅಂತಲೂ ಹೇಳುತ್ತಾನೆ.

ಟಾಲ್‌ಹೋಫರ್ ಬೇರೆ ಥರದವನು. ಅವನ ಹೆಸರಿನ ಹಸ್ತಪ್ರತಿಗಳು 1443, 1459, 1467 ಹೀಗೆ ಬೇರೆ ಬೇರೆ ಕಾಲದವು. ಚಿತ್ರಗಳು ಅದ್ಭುತ. ಬರಹ ಮಾತ್ರ ಪುಟಕ್ಕೆ ಒಂದು ಸಾಲು, ಎರಡು ಸಾಲು. ಅವನ ಒಂದು ದೊಡ್ಡ ಕೆಲಸ ನ್ಯಾಯದ ದ್ವಂದ್ವಕ್ಕೆ ಜನರನ್ನು ತಯಾರು ಮಾಡುವುದಾಗಿತ್ತು. ಆ ಕಾಲದಲ್ಲಿ ಕೆಲವು ವ್ಯಾಜ್ಯಗಳನ್ನು ಅಖಾಡದಲ್ಲಿ ತೀರಿಸಿಕೊಳ್ಳಬಹುದಿತ್ತು. ಯಾವ ಆರೋಪಕ್ಕೆ ಹೋರಾಡಬಹುದು ಅಂತ 1459ರ ಪ್ರತಿಯಲ್ಲಿ ಏಳು ಕಾರಣ ಕೊಡುತ್ತಾನೆ, ಅದರಲ್ಲಿ ಕೊಲೆ, ದ್ರೋಹ, ಧರ್ಮವಿರೋಧ, ಅತ್ಯಾಚಾರ ಎಲ್ಲ ಬರುತ್ತವೆ. ಗುಂಡಿಯ ಚಿತ್ರವೂ ಇದೇ ಸಾಲಿಗೆ ಸೇರಿದ್ದು. ಅವನ ಪುಸ್ತಕ ನೋಡುವವನ ಪಕ್ಕದಲ್ಲಿ ಅವನೇ ನಿಂತು ಬಾಯಲ್ಲಿ ಹೇಳಿಕೊಡುತ್ತಿದ್ದ ಅಂತ ಕಾಣುತ್ತದೆ. ಪಕ್ಕದಲ್ಲಿ ಅವನಿಲ್ಲದ ನಮಗೆ ಅದು ಅರ್ಧ ಪುಸ್ತಕ. ಹೊಸಬರು ಎಲ್ಲರೂ ಟಾಲ್‌ಹೋಫರನಿಂದಲೇ ಶುರು ಮಾಡುತ್ತಾರೆ, ಚಿತ್ರ ಚೆನ್ನಾಗಿದೆಯಲ್ಲ! ಬೇಡ. ಅವನನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಇನ್ನು ಯೋಆಖಿಮ್ ಮೇಯರ್. ಬಾಸೆಲ್‌ನಲ್ಲಿ ಹುಟ್ಟಿ ಸ್ಟ್ರಾಸ್‌ಬರ್ಗ್‌ನಲ್ಲಿ ನೆಲೆಸಿದವನು, ಕಸುಬಿನಲ್ಲಿ ಚಾಕು ಚೂರಿ ಮಾಡುವವನು. 1570ರಲ್ಲಿ ಅವನು ಅಚ್ಚು ಹಾಕಿಸಿದ ದಪ್ಪ ಪುಸ್ತಕದಲ್ಲಿ ಉದ್ದ ಕತ್ತಿ, ‘ಡುಸಾಕ್’ ಎಂಬ ಅಭ್ಯಾಸದ ಬಾಗು ಕತ್ತಿ, ರೇಪಿಯರ್ ಎಂಬ ಸಪೂರ ಒಂಟಿಗೈ ಕತ್ತಿ, ಬಾಕು, ಈಟಿ ಕೋಲುಗಳು ಎಲ್ಲ ಕ್ರಮವಾಗಿ ಬರುತ್ತವೆ. ಪಾಠ ಮಾಡುವ ರೀತಿ ಇವನದೇ ಅತ್ಯಂತ ಸ್ಪಷ್ಟ. ಪುಸ್ತಕಕ್ಕೆ ಭಾರಿ ಸಾಲ ಮಾಡಿದ. ತೀರಿಸುವ ದಾರಿ ಹುಡುಕಿಕೊಂಡು ಮೆಕ್ಲೆನ್‌ಬರ್ಗ್‌ನ ಡ್ಯೂಕ್‌ನ ಬಳಿ ಕೆಲಸ ಹಿಡಿದು, ಚಳಿಗಾಲದಲ್ಲಿ ದೂರದ ಶ್ವೆರಿನ್‌ವರೆಗೆ ಹೋದ. ಅಲ್ಲಿ ತಲುಪಿ ಹೆಚ್ಚು ದಿನ ಬದುಕಲಿಲ್ಲ. 1571ರ ಫೆಬ್ರವರಿಯಲ್ಲಿ ತೀರಿಕೊಂಡ, ಆಗ ಮೂವತ್ತು ದಾಟಿ ಕೆಲವೇ ವರ್ಷ. ಸಾಲ ಹೆಂಡತಿ ಮನೆಯವರ ಮೇಲೆ ಬಿತ್ತು. 1600ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು, ನೋಡಲು ಅವನಿರಲಿಲ್ಲ.

ಪೌಲುಸ್ ಹೆಕ್ಟರ್ ಮೈರ್ ಗುರುವೇ ಅಲ್ಲ. ಆಗ್ಸ್‌ಬರ್ಗ್ ನಗರದ ಖಜಾನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಹಳೆಯ ಕತ್ತಿ ಪುಸ್ತಕಗಳ ಹುಚ್ಚು. 1540ರ ದಶಕದಲ್ಲಿ ಒಬ್ಬ ಚಿತ್ರಕಾರನನ್ನೂ ಇಬ್ಬರು ಕತ್ತಿಗಾರರನ್ನೂ ಇಟ್ಟುಕೊಂಡು, ಒಂದೊಂದು ವರಸೆಯನ್ನೂ ಮಾಡಿಸಿ ನೋಡಿ, ಭಾರಿ ಸಂಪುಟಗಳನ್ನು ಬರೆಸಿದ. ಕುಡುಗೋಲು, ಹುಲ್ಲು ಕೊಯ್ಯುವ ಉದ್ದ ಹಿಡಿಯ ಕತ್ತಿ, ಧಾನ್ಯ ಬಡಿಯುವ ಕೋಲು ಹಿಡಿದು ಹೋರಾಡುವುದೂ ಅದರಲ್ಲಿದೆ. ಇದಕ್ಕೂ ದೊಡ್ಡ ದೊಡ್ಡ ಔತಣಗಳಿಗೂ ದುಡ್ಡು ಎಲ್ಲಿಂದ ಬಂತು ಅಂತ ಕೊನೆಗೆ ಗೊತ್ತಾಯಿತು. ನಗರದ ಹಣ ನುಂಗಿದ್ದಕ್ಕೆ 1579ರಲ್ಲಿ ಗಲ್ಲಿಗೇರಿಸಿದರು. ಅವನು ಬರೆಸಿದ್ದು ಇಂದಿಗೂ ಡ್ರೆಸ್ಡನ್, ಮ್ಯೂನಿಕ್, ವಿಯೆನ್ನಾದಲ್ಲಿದೆ.

ಕತ್ತಿ ಮತ್ತು ಪುಟ್ಟ ಗುರಾಣಿ ಇಷ್ಟವಾದರೆ ಐ.33 ಎಂಬ ಹಸ್ತಪ್ರತಿ ಇದೆ. 14ನೇ ಶತಮಾನದ ಶುರುವಿನದು, ಸಿಕ್ಕಿರುವವುಗಳಲ್ಲಿ ಅತ್ಯಂತ ಹಳೆಯದು. ಪಾದ್ರಿ ಕಲಿಸುತ್ತಾನೆ, ವಿದ್ಯಾರ್ಥಿ ಕಲಿಯುತ್ತಾನೆ, ಕೊನೆಯ ಪುಟಗಳಲ್ಲಿ ವಾಲ್ಪುರ್ಗಿಸ್ ಅನ್ನುವ ಹೆಂಗಸು ಕತ್ತಿ ಹಿಡಿದು ಬರುತ್ತಾಳೆ. ಯಾಕೆ ಬಂದಳು ಅಂತ ಪುಸ್ತಕ ಹೇಳುವುದಿಲ್ಲ. ಈ ಹಸ್ತಪ್ರತಿ ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಗೋಥಾದಿಂದ ಕಾಣೆಯಾಗಿ, 1950ರಲ್ಲಿ ಲಂಡನ್ನಿನ ಹರಾಜಿನಲ್ಲಿ ಕಾಣಿಸಿಕೊಂಡು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದೆ. ಬರಹ ಲ್ಯಾಟಿನ್‌ನಲ್ಲಿ, ಲೀಖ್ಟೆನೌವರನ ಪರಂಪರೆಗೆ ಸೇರಿದ್ದಲ್ಲ. ಆದ್ದರಿಂದ ಅದನ್ನು ಬೇರೆಯಾಗಿಯೇ ಓದಿ, ಕಲಸಬೇಡಿ.

ಯಾವುದನ್ನು ಕೈಗೆತ್ತಿಕೊಳ್ಳಬೇಕು

ನನ್ನ ಮಾತು ಕೇಳುವುದಾದರೆ ರಿಂಗೆಕ್. ಒಂದೊಂದು ಪದ್ಯದ ಕೆಳಗೇ ವಿವರಣೆ ಇದೆ, ವಿವರಣೆಯೂ ‘ಅವನು ಹೀಗೆ ಮಾಡಿದರೆ ನೀನು ಹೀಗೆ ಮಾಡು’ ಅನ್ನುವ ಸೀದಾ ರೀತಿಯಲ್ಲಿದೆ. ಪಕ್ಕದಲ್ಲಿ 1452ರ ರೋಮ್ ಪ್ರತಿಯನ್ನು ತೆರೆದಿಟ್ಟುಕೊಳ್ಳಿ. ಒಂದರಲ್ಲಿ ಅರ್ಥವಾಗದ ಸಾಲು ಇನ್ನೊಂದರಲ್ಲಿ ಬಿಡಿಸಿಕೊಳ್ಳುತ್ತದೆ. ನಕಲು ಮಾಡಿದವನು ಒಂದು ಮಾತು ಬಿಟ್ಟಿರುತ್ತಾನೆ, ಎಡ ಅನ್ನುವ ಕಡೆ ಬಲ ಬರೆದಿರುತ್ತಾನೆ. ಆಗ ಎರಡನೇ ಪ್ರತಿಯೇ ಗತಿ.

ಅನುವಾದ ಓದುವಾಗಲೂ ಒಂದೇ ಅನುವಾದ ನಂಬಬೇಡಿ, ಎರಡು ಇಟ್ಟುಕೊಳ್ಳಿ. ಫೋನಿನ ಅನುವಾದ ಆ್ಯಪ್‌ಗೆ ಮೂಲದ ಸಾಲು ಹಾಕಿದರೆ ಸುಮ್ನೆ ತಲೆ ಕೆಡುತ್ತದೆ. ಆ ಕಾಲದ ಜರ್ಮನ್‌ಗೆ ಕಟ್ಟುನಿಟ್ಟಾದ ಕಾಗುಣಿತ ಇರಲಿಲ್ಲ, ಒಂದೇ ಪದ ಒಂದೇ ಪುಟದಲ್ಲಿ ಮೂರು ಥರ ಬಂದಿರುತ್ತದೆ. ಜರ್ಮನ್ ಅಲ್ಪಸ್ವಲ್ಪ ಗೊತ್ತಿದ್ದವರು ಜೋರಾಗಿ ಓದಿ ನೋಡಿ. ಕಣ್ಣಿಗೆ ಅಪರಿಚಿತ ಅನಿಸಿದ ಪದ ಕಿವಿಗೆ ಗುರುತು ಸಿಗುತ್ತದೆ.

ಕೈಗೆ ಕೋಲು

ಓದುತ್ತಾ ಮಾಡಬೇಕು. ಓದಿ ಮುಗಿಸಿ ಆಮೇಲೆ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಶುರುವಿಗೆ ಕತ್ತಿ ಬೇಡ. ಬಡಗಿಯ ಹತ್ತಿರ ಹೋಗಿ ನಾಲ್ಕು ಅಡಿಯಷ್ಟು ಉದ್ದದ, ಗಂಟಿಲ್ಲದ ಎರಡು ಮರದ ಪಟ್ಟಿ ಮಾಡಿಸಿ. ದುಂಡಗಿನ ಕೋಲಿಗಿಂತ ಚಪ್ಪಟೆ ಪಟ್ಟಿ ಒಳ್ಳೆಯದು, ಧಾರೆ ಯಾವ ಕಡೆ ಇದೆ ಅಂತ ಕೈಗೆ ತಿಳಿಯಬೇಕು. ತುದಿ ದುಂಡಗೆ ಉಜ್ಜಿಸಿ, ಹಿಡಿಕೆ ಎರಡೂ ಕೈಗೆ ಸಾಕಾಗುವಷ್ಟು ಇರಲಿ, ಹಿಡಿಕೆಯ ಮುಂದೆ ಅಡ್ಡಪಟ್ಟಿ ಹೊಡೆಸಿ. ನಿಜವಾದ ಉದ್ದ ಕತ್ತಿ ಸುಮಾರು ಒಂದೂಕಾಲು ಕಿಲೋದಿಂದ ಒಂದೂಮುಕ್ಕಾಲು ಕಿಲೋ ತೂಗುತ್ತಿತ್ತು. ಸಿನಿಮಾದಲ್ಲಿ ತೋರಿಸುವ ಹಾಗೆ ಎತ್ತಲಾರದ ಭಾರವೇನೂ ಅಲ್ಲ.

ಜೊತೆಗೊಬ್ಬ ಬೇಕೇ ಬೇಕು. ಒಬ್ಬರೇ ಕನ್ನಡಿ ಮುಂದೆ ಮಾಡಿದರೆ ನಿಲುವು ಬರುತ್ತದೆ, ವಿದ್ಯೆ ಬರುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಲೀಖ್ಟೆನೌವರ್ ನಾಲ್ಕೇ ನಿಲುವು ಸಾಕು ಅನ್ನುತ್ತಾನೆ, ಬೇರೆಯವನ್ನು ಬಿಡು ಅಂತಲೂ ಹೇಳುತ್ತಾನೆ. ‘ಫೋಮ್ ಟಾಗ್’ನಲ್ಲಿ ಎಡಗಾಲು ಮುಂದೆ, ಕತ್ತಿ ಬಲಭುಜದ ಬಳಿ ಅಥವಾ ತಲೆಯ ಮೇಲೆ ಎತ್ತಿ ಹಿಡಿದಿರುತ್ತೀರಿ. ‘ಓಕ್ಸ್’ನಲ್ಲಿ ಹಿಡಿಕೆ ತಲೆಯ ಪಕ್ಕಕ್ಕೆ ಏರುತ್ತದೆ, ಮೊನೆ ಎದುರಾಳಿಯ ಮುಖಕ್ಕೆ. ‘ಪ್ಫ್ಲೂಗ್’ನಲ್ಲಿ ಹಿಡಿಕೆ ಸೊಂಟದ ಪಕ್ಕಕ್ಕೆ ಇಳಿಯುತ್ತದೆ, ಮೊನೆ ಮಾತ್ರ ಮುಖಕ್ಕೇ. ‘ಆಲ್ಬರ್’ನಲ್ಲಿ ಬಲಗಾಲು ಮುಂದೆ, ಕೈ ಚಾಚಿ ಮೊನೆ ನೆಲದ ಕಡೆ. ಈ ನಾಲ್ಕನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ನಿಲುವಿನಲ್ಲಿ ಕಲ್ಲಿನ ಹಾಗೆ ನಿಲ್ಲುವುದು ಉದ್ದೇಶವಲ್ಲ, ಏಟು ಶುರುವಾಗುವ ಜಾಗ, ಮುಗಿಯುವ ಜಾಗ ಅಷ್ಟೇ. ಎದುರಾಳಿಯ ಮೈಯನ್ನೂ ನಾಲ್ಕು ಭಾಗ ಮಾಡಿಕೊಳ್ಳುತ್ತಾರೆ. ಸೊಂಟದ ಮೇಲೆ ಎಡ ಬಲ, ಕೆಳಗೆ ಎಡ ಬಲ. ಯಾವ ತೆರಪು ಖಾಲಿ ಇದೆಯೋ ಅಲ್ಲಿಗೆ ಹೋಗುವುದು.

ಒಂದು ಏಟು, ಮೂರು ಸಾಲು

ಈಗ ಮುಖ್ಯ ವಿಷಯ. ಲೀಖ್ಟೆನೌವರನ ಐದು ಗುಟ್ಟಿನ ಏಟುಗಳಲ್ಲಿ ಮೊದಲನೆಯದು ‘ಟ್ಸೋರ್ನ್‌ಹೌ’, ಕೋಪದ ಏಟು. ಯಾರಾದರೂ ಸಿಟ್ಟು ಬಂದು ಕೋಲೆತ್ತಿದರೆ ಬಲಭುಜದಿಂದ ಓರೆಯಾಗಿ ಬೀಸುತ್ತಾರಲ್ಲ, ಅದೇ. ಇದರಲ್ಲಿ ಗುಟ್ಟೇನು ಬಂತು ಅಂತ ಕೇಳಬಹುದು. ಪದ್ಯದ ಮೊದಲ ಸಾಲು ಹೀಗೆ ಹೇಳುತ್ತದೆ: ನಿನಗೆ ಯಾರು ಮೇಲಿನಿಂದ ಹೊಡೆಯುತ್ತಾನೋ, ಅವನಿಗೆ ಕೋಪದ ಏಟಿನ ಮೊನೆ ಬೆದರಿಕೆ ಹಾಕುತ್ತದೆ.

ಮೊನೆ ಅನ್ನುವ ಮಾತನ್ನು ಗಮನಿಸಿ. ಹೊಡೆತದ ಬಗ್ಗೆ ಶುರುವಾದ ಸಾಲು ಮೊನೆಯಲ್ಲಿ ಮುಗಿಯುತ್ತದೆ. ರಿಂಗೆಕ್ ಬಿಡಿಸಿ ಹೇಳುತ್ತಾನೆ. ಎದುರಾಳಿ ತನ್ನ ಬಲಗಡೆಯಿಂದ ನಿನ್ನ ತಲೆಗೆ ಹೊಡೆದರೆ, ನೀನೂ ನಿನ್ನ ಬಲಭುಜದಿಂದ ಗಟ್ಟಿಯಾಗಿ ಹೊಡೆ. ಕತ್ತಿಗೆ ಕತ್ತಿ ತಾಗಿದಾಗ ಅವನು ಮೆತ್ತಗಿದ್ದರೆ, ಮೊನೆಯನ್ನು ನೇರ ಅವನ ಮುಖಕ್ಕೋ ಎದೆಗೋ ತಳ್ಳು.

ಮಾಡಿ ನೋಡಿ. ಇಬ್ಬರೂ ಎಡಗಾಲು ಮುಂದಿಟ್ಟು ಫೋಮ್ ಟಾಗ್‌ನಲ್ಲಿ ನಿಲ್ಲಿ, ಒಂದು ಹೆಜ್ಜೆ ಹಾಕಿದರೆ ಮಾತ್ರ ತಾಗುವಷ್ಟು ದೂರ ಇರಲಿ. ಗೆಳೆಯ ಬಲಗಾಲು ಹಾಕಿ ನಿಮ್ಮ ತಲೆಯ ಎಡಬದಿಗೆ ನಿಧಾನವಾಗಿ ಏಟು ಬಿಡಲಿ. ನೀವೂ ಬಲಗಾಲು ಮುಂದಿಟ್ಟು, ಸ್ವಲ್ಪ ಬಲಕ್ಕೆ ಸರಿದು, ಓರೆಯಾಗಿ ಹೊಡೆಯಿರಿ. ಪಟ್ಟಿಗಳು ನಡುವೆ ಸೇರಿದಾಗ ಅಲ್ಲೇ ನಿಲ್ಲಿ, ನಿಮ್ಮ ಮೊನೆ ಎಲ್ಲಿದೆ ನೋಡಿ. ಹೊಸಬರಲ್ಲಿ ಹೆಚ್ಚಿನವರ ಮೊನೆ ಗೆಳೆಯನ ಭುಜದಾಚೆ, ಗೋಡೆಯ ಕಡೆ ತೋರಿಸುತ್ತಿರುತ್ತದೆ. ಯಾಕೆಂದರೆ ಅವರು ಹೊಡೆದದ್ದು ಎದುರಿನ ಕೋಲಿಗೆ, ಎದುರಿನ ಮನುಷ್ಯನಿಗಲ್ಲ. ಮೊನೆ ಆಚೆ ಹೋದರೆ ಪದ್ಯ ಹೇಳಿದ ಬೆದರಿಕೆಯೇ ಇಲ್ಲ. ನ್ಯೂರೆಂಬರ್ಗ್‌ನ ಆ ಜಗಳಗಂಟ ಇದಕ್ಕೊಂದು ಉಪಾಯ ಕೊಡುತ್ತಾನೆ: ಮೊನೆಗೆ ದಾರ ಕಟ್ಟಿ ಅದನ್ನು ಯಾರೋ ನೇರವಾಗಿ ತೆರಪಿನ ಕಡೆಗೆ ಎಳೆಯುತ್ತಿದ್ದಾರೆ ಅಂದುಕೋ, ಹಾಗೆ ಹೊಡೆ. ಈ ದಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಹೊಡೆದರೆ ಏಟು ತಾನಾಗಿಯೇ ಚಿಕ್ಕದಾಗುತ್ತದೆ, ಮೊನೆ ಗೆಳೆಯನ ಗಲ್ಲದ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿಂದ ತಿವಿಯಲು ಕೈ ಚಾಚಿದರೆ ಸಾಕು.

ಸರಿ, ಅವನು ಸುಮ್ಮನೆ ಇರುತ್ತಾನಾ? ಮೊನೆ ಮುಖಕ್ಕೆ ಬಂದರೆ ಯಾರಾದರೂ ಪಕ್ಕಕ್ಕೆ ತಳ್ಳುತ್ತಾರೆ. ಎರಡನೇ ಸಾಲು ಅದಕ್ಕೇ ಇದೆ: ಅವನಿಗೆ ಗೊತ್ತಾದರೆ ಮೇಲಿನಿಂದ ತೆಗೆ, ಅಪಾಯವಿಲ್ಲ. ಅವನು ನಿಮ್ಮ ಪಟ್ಟಿಯನ್ನು ಬಲವಾಗಿ ಪಕ್ಕಕ್ಕೆ ಒತ್ತಿದ ಕೂಡಲೇ, ನೀವು ಅವನ ಪಟ್ಟಿಗೆ ಸವರಿಕೊಂಡೇ ಮೇಲಕ್ಕೆ ಎತ್ತಿ, ಅವನ ಮೊನೆ ದಾಟಿಸಿ, ಆಚೆ ಬದಿಯಿಂದ ಅವನ ತಲೆಗೆ ಇಳಿಸಬೇಕು. ಅವನ ಪೂರ್ತಿ ಬಲ ಒಂದು ಕಡೆ ಒತ್ತುವುದರಲ್ಲಿದೆ, ನೀವು ಬಿಟ್ಟ ಕ್ಷಣ ಅವನ ಪಟ್ಟಿ ಖಾಲಿ ಗಾಳಿಗೆ ಹೋಗುತ್ತದೆ. ತಲೆಯ ಬಲಬದಿ ಪೂರ್ತಿ ತೆರೆದಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಅವನು ಒತ್ತದೇ ಇದ್ದಾಗ ನೀವು ಮೇಲೆತ್ತಿದರೆ, ಅವನ ಮೊನೆ ನೇರ ನಿಮ್ಮ ಕುತ್ತಿಗೆಗೆ ಬರುತ್ತದೆ. ಪದ್ಯ ‘ಅಪಾಯವಿಲ್ಲ’ ಅಂದದ್ದು ಅವನು ಒತ್ತಿದಾಗ ಮಾತ್ರ. ಮಾಡಿ ನೋಡದೆ ಬರೀ ಓದಿದವರಿಗೆ ಈ ಷರತ್ತು ಕಣ್ಣಿಗೇ ಬೀಳುವುದಿಲ್ಲ.

ಮೂರನೇ ಸಾಲು: ಇನ್ನೂ ಗಟ್ಟಿಯಾಗಿ ಎದುರು ನಿಲ್ಲು, ತಿರುಗಿಸು, ತಿವಿ, ಅದನ್ನೂ ಅವನು ಕಂಡರೆ ಕೆಳಗೆ ತೆಗೆ. ಅವನು ಗಟ್ಟಿಯಾಗಿ ಹಿಡಿದಿದ್ದಾನೆ, ನೀವೂ ಬಿಡುವುದಿಲ್ಲ. ಪಟ್ಟಿಗಳು ಅಂಟಿಕೊಂಡೇ ಇರಲಿ, ಹಿಡಿಕೆಯನ್ನು ನಿಮ್ಮ ಎಡಕಿವಿಯ ಬಳಿಗೆ ಎತ್ತಿ ತಿರುಗಿಸಿ. ಎಡಬದಿಯ ಓಕ್ಸ್ ಆಯಿತು. ಈಗ ಅಡ್ಡಪಟ್ಟಿಯ ಹತ್ತಿರದ ನಿಮ್ಮ ಗಟ್ಟಿ ಭಾಗ ಅವನ ತುದಿಯ ಮೆತ್ತನೆ ಭಾಗವನ್ನು ಹಿಡಿದಿದೆ, ಮೊನೆ ಮೇಲಿನಿಂದ ಅವನ ಮುಖಕ್ಕೆ ಇಳಿಯುತ್ತದೆ. ಅವನು ಗಾಬರಿಯಾಗಿ ಕೈ ಮೇಲೆತ್ತಿ ತಡೆದರೆ ಕೆಳಗಿನ ತೆರಪು ಖಾಲಿ, ಅಲ್ಲಿಗೆ ಹೊಡೆಯಿರಿ.

ಮೂರು ಸಾಲಿನಲ್ಲಿ ಮೆತ್ತಗಿದ್ದರೆ ಏನು, ಒತ್ತಿದರೆ ಏನು, ಗಟ್ಟಿ ಹಿಡಿದರೆ ಏನು ಅಂತ ಮೂರೂ ಬಂತು. ಈ ಒತ್ತಡವನ್ನು ಕೈಯಲ್ಲೇ ತಿಳಿಯುವುದಕ್ಕೆ ‘ಫ್ಯೂಲೆನ್’ ಅನ್ನುತ್ತಾರೆ, ತಿಳಿದ ಆ ಕ್ಷಣದಲ್ಲೇ ಮಾಡುವುದಕ್ಕೆ ‘ಇಂಡೆಸ್’. ಕನ್ನಡಿ ಮುಂದೆ ಇದು ಬರುವುದಿಲ್ಲ ಅಂದದ್ದು ಇದಕ್ಕೇ. ಅಭ್ಯಾಸಕ್ಕೆ ಒಳ್ಳೆಯ ದಾರಿ ಏನೆಂದರೆ, ಪಟ್ಟಿಗಳನ್ನು ಸೇರಿಸಿಕೊಂಡೇ ನಿಂತು ನೀವು ಕಣ್ಣು ಮುಚ್ಚಿ. ಗೆಳೆಯ ಮೂರರಲ್ಲಿ ಯಾವುದೋ ಒಂದು ಮಾಡಲಿ, ಯಾವುದು ಅಂತ ನೀವು ಬಾಯಲ್ಲಿ ಹೇಳಿ. ತಿವಿಯುವುದು ಬೇಡ, ಹೇಳಿದರೆ ಸಾಕು. ಅದು ಸರಿಯಾಗಿ ಬಂದ ಮೇಲೆ ಕಣ್ಣು ತೆರೆದು ಉತ್ತರ ಕೊಡಿ. ಗೆಳೆಯನೂ ಪ್ರಾಮಾಣಿಕವಾಗಿರಬೇಕು. ನಿಮಗೆ ಸಹಾಯ ಮಾಡುವ ಉತ್ಸಾಹದಲ್ಲಿ ತಲೆಗೆ ಹೊಡೆಯದೆ ನಿಮ್ಮ ಪಟ್ಟಿಗೇ ಹೊಡೆದುಕೊಂಡು ಕೂತರೆ, ಪುಸ್ತಕ ಹೇಳಿದ್ದು ಯಾವುದೂ ನಡೆಯುವುದಿಲ್ಲ. ಆಮೇಲೆ ನೀವಿಬ್ಬರೂ ಸೇರಿ ರಿಂಗೆಕ್‌ನನ್ನು ಬಯ್ಯುತ್ತೀರಿ.

ಎರಡನೇ ಏಟಿಗೆ ಓಡಬೇಡಿ. ಇದೊಂದನ್ನೇ ತಿಂಗಳುಗಟ್ಟಲೆ ಮಾಡಿದರೂ ನಷ್ಟವಿಲ್ಲ. ಉಳಿದ ನಾಲ್ಕು ಏಟುಗಳ ವಿವರಣೆಯಲ್ಲೂ ಇದೇ ಮೆತ್ತಗೆ-ಗಟ್ಟಿ ಲೆಕ್ಕ ತಿರುಗಿ ತಿರುಗಿ ಬರುತ್ತದೆ.

ಅದೇ ಹೆಸರು, ಬೇರೆ ಆಟ

ಈಗ ಮೇಯರ್‌ನ 1570ರ ಪುಸ್ತಕ ತೆರೆದು ಟ್ಸೋರ್ನ್‌ಹೌ ಹುಡುಕಿ. ಬಲಭುಜ, ಓರೆ ಏಟು, ಎಲ್ಲ ಅದೇ. ಆದರೆ ಉದ್ದ ಕತ್ತಿಯ ಅಧ್ಯಾಯದಲ್ಲಿ ಮೊನೆಯ ತಿವಿತ ಹೆಚ್ಚುಕಡಿಮೆ ಮಾಯ. ಒಂದು ತೆರಪಿನಿಂದ ಇನ್ನೊಂದಕ್ಕೆ ಹಾರುವ ಏಟುಗಳ ಸರಮಾಲೆ, ಕತ್ತಿಯ ಚಪ್ಪಟೆ ಬದಿಯ ಏಟು, ಹಿಂಬದಿ ಧಾರೆಯ ಏಟು. ರಿಂಗೆಕ್‌ನನ್ನು ಓದಿ ಬಂದವರಿಗೆ ಇದು ಸಡಿಲ ಅನಿಸುತ್ತದೆ, ಕೆಲವರು ‘ವಿದ್ಯೆ ಹಾಳಾಯಿತು’ ಅಂತ ಮೂಗು ಮುರಿಯುತ್ತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ.

ಮೇಯರ್‌ನ ಕಾಲಕ್ಕೆ ಉದ್ದ ಕತ್ತಿ ಯುದ್ಧದ ಮುಖ್ಯ ಆಯುಧವಾಗಿ ಉಳಿದಿರಲಿಲ್ಲ. ಊರಿನ ಕಸುಬುದಾರರು ಜನರೆದುರು ಆಡುವ ಪಂದ್ಯದ ಆಯುಧವಾಗಿತ್ತು. ಅಲ್ಲಿ ತಿವಿಯುವ ಹಾಗಿರಲಿಲ್ಲ, ತಲೆಯಲ್ಲಿ ರಕ್ತ ಬರಿಸಿದವನು ಗೆದ್ದ. ಇಂಥ ಕತ್ತಿಗಾರರಿಗೆ ಸಂಘಗಳೂ ಇದ್ದವು. ಫ್ರಾಂಕ್‌ಫರ್ಟ್‌ನ ಮಾರ್ಕ್ಸ್‌ಬ್ರೂಡರ್‌ಗೆ 1487ರಲ್ಲಿ ಚಕ್ರವರ್ತಿ 3ನೇ ಫ್ರೆಡ್ರಿಕ್ ಸನದು ಕೊಟ್ಟ, ‘ಉದ್ದ ಕತ್ತಿಯ ಗುರು’ ಅನಿಸಿಕೊಳ್ಳಲು ಅವರ ಮುಂದೆ ಪರೀಕ್ಷೆ ಕೊಡಬೇಕಿತ್ತು. ಅವರ ಎದುರಾಳಿ ಸಂಘ ಫೆಡರ್‌ಫೆಕ್ಟರ್‌ಗೆ 1607ರಲ್ಲಿ ಸನದು ಸಿಕ್ಕಿತು. ಅಖಾಡದಲ್ಲಿ ಪ್ರಾಣ ಉಳಿಸಿಕೊಳ್ಳುವ ಪಾಠ, ಹಬ್ಬದ ದಿನ ಪಂದ್ಯ ಗೆಲ್ಲುವ ಪಾಠ ಎರಡೂ ಒಂದೇ ಆಗಲು ಸಾಧ್ಯವೇ? ಅದೇ ಮೇಯರ್ ರೇಪಿಯರ್ ಅಧ್ಯಾಯಕ್ಕೆ ಬಂದ ಕೂಡಲೇ ತಿವಿತವನ್ನು ಧಾರಾಳವಾಗಿ ಕಲಿಸುತ್ತಾನೆ. ಅವನಿಗೆ ಗೊತ್ತಿರಲಿಲ್ಲ ಅಂತಲ್ಲ.

ಹೀಗೆ ಎರಡು ಪುಸ್ತಕ ಬೇರೆ ಬೇರೆ ಹೇಳಿದಾಗ ಯಾರು ಸರಿ ಅಂತ ಜಗಳಕ್ಕೆ ಇಳಿಯುವ ಮುಂಚೆ, ಓದಿದವನು ಇದನ್ನು ಎಲ್ಲಿ ಬಳಸುತ್ತಿದ್ದ ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಚಿತ್ರ ನೋಡುವ ಹೊತ್ತು ಈಗ ಬಂತು. ಚಿತ್ರ ಒಂದು ಕ್ಷಣವನ್ನು ಮಾತ್ರ ಹಿಡಿಯುತ್ತದೆ, ಅದು ಏಟಿನ ಶುರುವೋ ಕೊನೆಯೋ ಬರಹವೇ ಹೇಳಬೇಕು. ಮೊದಲು ಕಾಲು ನೋಡಿ, ಯಾವುದು ಮುಂದಿದೆ. ಆಮೇಲೆ ಹೆಬ್ಬೆರಳು, ಹಿಡಿಕೆಯ ಸುತ್ತ ಇದೆಯೋ ಅಲಗಿನ ಚಪ್ಪಟೆಗೆ ಒತ್ತಿದೆಯೋ. ಎಷ್ಟೋ ಏಟುಗಳಲ್ಲಿ ಹೆಬ್ಬೆರಳು ಎಲ್ಲಿದೆ ಅನ್ನುವುದರಿಂದಲೇ ಯಾವ ಧಾರೆ ತಾಗುತ್ತದೆ ಅಂತ ಗೊತ್ತಾಗುತ್ತದೆ. ಐ.33ರಂಥ ಹಳೆಯ ಪ್ರತಿಗಳಲ್ಲಿ ಚಿತ್ರಕಾರನಿಗೆ ದೂರ ಹತ್ತಿರ ತೋರಿಸುವ ಅಭ್ಯಾಸ ಇರಲಿಲ್ಲ, ಅಲ್ಲಿ ಅಳತೆ ಹಿಡಿದು ಲೆಕ್ಕ ಹಾಕುವುದು ವ್ಯರ್ಥ. ಮತ್ತೆ ಎಲ್ಲವೂ ಗಂಭೀರ ಅಂತಲೂ ತಿಳಿಯಬೇಡಿ. ಯೋಹಾನೆಸ್ ಲೆಕ್ಯೂಖ್ನರ್ ಅನ್ನುವ ಪಾದ್ರಿ ‘ಮೆಸ್ಸರ್’ ಎಂಬ ಒಂದು ಕೈಯ ಕತ್ತಿಯ ಬಗ್ಗೆ ಬರೆದ ಪುಸ್ತಕದ 1482ರ ಪ್ರತಿಯಲ್ಲಿ ಎದುರಾಳಿಯನ್ನು ಚೀಲದೊಳಗೆ ತುಂಬುವ ಪಟ್ಟೂ ಇದೆ!

ಪೆಟ್ಟಾಗದ ಹಾಗೆ

ವೇಗ ಹೆಚ್ಚಿಸುವ ಮುಂಚೆ ಮುಖವಾಡ. ಕ್ರೀಡಾ ಫೆನ್ಸಿಂಗ್‌ನ ಮುಖವಾಡ ಮುಖ ಕಾಯುತ್ತದೆ, ತಲೆಯ ಹಿಂಭಾಗ ಖಾಲಿ ಬಿಡುತ್ತದೆ. ಹಿಂದಕ್ಕೆ ಹೊದಿಕೆ ಹಾಕಿಸದೆ ಉದ್ದ ಕತ್ತಿಯ ಆಟ ಬೇಡ. ಜಾಸ್ತಿ ಮುರಿಯುವುದು ಬೆರಳು, ತೆಳು ಕೈಗವಸು ಸಾಲುವುದಿಲ್ಲ. ಗಂಟಲಿಗೆ ರಕ್ಷೆ ಬೇಕು, ಯಾಕೆಂದರೆ ನೀವು ಕಲಿಯುತ್ತಿರುವ ಏಟೇ ಮೊನೆಯನ್ನು ಅಲ್ಲಿಗೆ ತರುವಂಥದ್ದು. ಮರದ ಪಟ್ಟಿಯಲ್ಲಿ ತಿವಿಯುವಾಗ ಬಲ ಹಾಕಬೇಡಿ, ಮರ ಬಾಗುವುದಿಲ್ಲ. ಮುಂದೆ ಉಕ್ಕಿಗೆ ಹೋಗುವುದಾದರೆ ‘ಫೆಡರ್’ ಎಂಬ ಅಭ್ಯಾಸದ ಕತ್ತಿ ಸಿಗುತ್ತದೆ. ಅಲಗು ಸಪೂರ, ಧಾರೆ ಇಲ್ಲ, ತುದಿ ಬಾಗುತ್ತದೆ, ಅಡ್ಡಪಟ್ಟಿಯ ಮುಂದೆ ಅಗಲವಾದ ಭಾಗ ಇರುತ್ತದೆ. ಮೇಯರ್‌ನ ಪುಸ್ತಕದ ಚಿತ್ರಗಳಲ್ಲೂ ಇಂಥದ್ದೇ ಕತ್ತಿ ಕಾಣುತ್ತದೆ. ಹರಿತವಾದ ಕತ್ತಿ ತರಿಸುವ ಆಸೆ ಬೇಡ, ನಮ್ಮ ದೇಶದಲ್ಲಿ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಶ್ನೆಯೂ ಆಗುತ್ತದೆ.

ಎಡಗೈಯವರಿಗೆ ಒಂದು ಮಾತು. ಈ ಪುಸ್ತಕಗಳಲ್ಲಿ ಬಲಗೈಯವರೇ ಬಲಗೈಯವರ ಜೊತೆ ಹೋರಾಡುತ್ತಾರೆ. ಪದ್ಯದಲ್ಲಿ ನಿಮ್ಮನ್ನು ಪೂರ್ತಿ ಮರೆತಿಲ್ಲ. ಬಲಗೈಯವನು ಎಡದಿಂದ ಏಟು ಶುರು ಮಾಡಬಾರದು, ಎಡಗೈಯವನು ಬಲದಿಂದ ಹೊಡೆದರೆ ಕುಂಟುತ್ತಾನೆ ಅನ್ನುತ್ತದೆ. ಅಂದರೆ ನೀವು ಎಡಭುಜದಿಂದಲೇ ಕೋಪದ ಏಟು ಹೊಡೆಯಬೇಕು. ಆದರೆ ಬಲಗೈಯವನು ಅವನ ಬಲದಿಂದ ಹೊಡೆದಾಗ ನಿಮ್ಮ ಏಟೂ ಅದೇ ಬದಿಯಿಂದ ಬರುತ್ತದೆ, ಪಟ್ಟಿಗಳು ಮೇಲೆ ಹೇಳಿದ ಹಾಗೆ ಸೇರುವುದಿಲ್ಲ. ಆದ್ದರಿಂದ ಮೊದಲ ಕೆಲವು ವಾರ ಇನ್ನೊಬ್ಬ ಎಡಗೈಯವರನ್ನು ಹುಡುಕಿ ವಿವರಣೆಯಲ್ಲಿರುವ ಎಡವನ್ನೆಲ್ಲ ಬಲ ಮಾಡಿಕೊಂಡು ಓದಿ. ಅಂಥವರು ಸಿಗದಿದ್ದರೆ ಬಲಗೈಯ ಗೆಳೆಯನಿಗೆ ಅವನ ಎಡಭುಜದಿಂದ ಹೊಡೆಯಲು ಹೇಳಿ, ಅವನು ಕುಂಟಿದರೂ ಪರವಾಗಿಲ್ಲ.